ಚಿಲ್ಲರೆ ಖರ್ಚಿನ ಚಂದ್ರಯಾನ

ನಾಲ್ಕು ಜನರ ಒಂದು ಮನೆ. ತಿಂಗಳ ಖರ್ಚು 35,912 ರೂಪಾಯಿ. ತೆಲಂಗಾಣದ ಪಟ್ಟಣಗಳ ಸರಾಸರಿ ಇದು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ಮನೆಮನೆ ಸುತ್ತಿ ತೆಗೆದ ಲೆಕ್ಕದಲ್ಲಿ ತಲಾ 8,978 ರೂಪಾಯಿ ಎಂದಿದೆ. ನಾಲ್ಕರಿಂದ ಗುಣಿಸಿದ್ದಷ್ಟೇ ನನ್ನ ಕೈಚಳಕ. ಅಕ್ಕಿ, ಹಾಲು, ಮನೆ ಬಾಡಿಗೆ, ಮೊಬೈಲ್ ರೀಚಾರ್ಜ್, ಶಾಲೆಯ ಫೀಸು, ಜ್ವರದ ಮಾತ್ರೆ, ಯಾರದೋ ಮದುವೆಗೆ ಹೋಗಿಬಂದ ಬಸ್ ಚಾರ್ಜು ಎಲ್ಲವೂ ಇದರೊಳಗೇ. ವರ್ಷಕ್ಕೆ 4,30,944 ರೂಪಾಯಿ. ಅಷ್ಟನ್ನೂ 500ರ ನೋಟುಗಳಲ್ಲಿ ತೆಗೆದು ನೆಲದ ಮೇಲೆ ತುದಿಗೆ ತುದಿ ಮುಟ್ಟಿಸುತ್ತ ಹೋಗಿ. ನೋಟೊಂದರ ಉದ್ದ 150 ಮಿಲಿಮೀಟರ್. ಇಡೀ ಸಾಲು 129 ಮೀಟರ್. ಐದು ರೈಲು ಬೋಗಿಗಳನ್ನು ಜೋಡಿಸಿದ್ದಕ್ಕಿಂತ ತುಸು ಹೆಚ್ಚು ಉದ್ದ. ದಿನಕ್ಕೆ 35 ಸೆಂಟಿಮೀಟರ್ ಬೆಳೆಯುತ್ತದೆ, ಅಷ್ಟೇ. ಬಸವನ ಹುಳು ಕೂಡ ಇದಕ್ಕಿಂತ ಚುರುಕು! ಆದರೂ ಈ ನೋಟಿನ ಸಾಲನ್ನು ಕೈಬಿಡಬೇಡಿ. ಮುಂದಿನ ಅಳತೆಗೆಲ್ಲ ಇದೇ ಕೋಲು.

ಈಗ ಒಂದು ಮನೆಯಿಂದ ಒಂದು ಊರಿಗೆ ಬರೋಣ. ಹೈದರಾಬಾದಿನ ಪಶ್ಚಿಮದ ಅಂಚಿನ ಲಿಂಗಂಪಲ್ಲಿ. 2003ರ ಆಗಸ್ಟ್ 9ರಂದು ಎಂಎಂಟಿಎಸ್ ಲೋಕಲ್ ರೈಲು ಶುರುವಾದಾಗ ಅದು ಬಂದು ನಿಂತದ್ದು ಇಲ್ಲಿಯೇ. ಕನ್ನಡಿಗರಿಗೆ ಈ ಸ್ಟೇಷನ್ ಹೊಸದಲ್ಲ. ಇಲ್ಲಿಂದ ಪಶ್ಚಿಮಕ್ಕೆ ಹೊರಟ ಹಳಿ ವಿಕಾರಾಬಾದಿನಲ್ಲಿ ಕವಲೊಡೆದು ಒಂದು ಕಡೆ ಜಹೀರಾಬಾದ್ ದಾಟಿ ಬೀದರಿಗೆ, ಇನ್ನೊಂದು ಕಡೆ ತಾಂಡೂರು ದಾಟಿ ವಾಡಿಗೆ ಹೋಗುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಬಂದು ಚಂದಾನಗರ, ರಾಮಚಂದ್ರಾಪುರದ ಸುತ್ತ ನೆಲೆ ನಿಂತವರ ತಿಂಗಳ ಸಾಮಾನಿನ ಚೀಟಿ ನೋಡಿ: ಸೋನಾ ಮಸೂರಿಯ ಕೆಳಗೇ ಬಿಳಿಜೋಳ, ಅದರ ಕೆಳಗೆ ಶೇಂಗಾ, ಗುರೆಳ್ಳು, ಬೆಲ್ಲ. ಕಿರಾಣಿಯವನು ಒಂದೊಂದನ್ನೇ ತೂಗಿ ಕಟ್ಟಿ, ಚೀಟಿಯಲ್ಲಿ ಗೀಟು ಎಳೆದು, ಕೊನೆಗೆ ಪೆನ್ಸಿಲಿನಲ್ಲಿ ಕೂಡಿಸಿ ಒಟ್ಟು ಬರೆದು ಅಡಿಗೆರೆ ಎಳೆಯುತ್ತಾನೆ. ಆ ಅಡಿಗೆರೆಗಳನ್ನೆಲ್ಲ ಊರಿಡೀ ಕೂಡಿಸಿದರೆ ಎಷ್ಟಾದೀತು?

ಲಿಂಗಂಪಲ್ಲಿಯನ್ನು ಒಳಗೊಂಡ ಶೇರಿಲಿಂಗಂಪಲ್ಲಿ ವಿಧಾನಸಭಾ ಕ್ಷೇತ್ರ ತೆಲಂಗಾಣದಲ್ಲೇ ಅತಿ ಹೆಚ್ಚು ಮತದಾರರಿರುವ ಕ್ಷೇತ್ರ. 2023ರ ಚುನಾವಣೆಯ ಹೊತ್ತಿಗೆ ಅಲ್ಲಿನ ಪಟ್ಟಿ 7.3 ಲಕ್ಷ ದಾಟಿತ್ತು. ಒಂದು ಇಡೀ ರಾಷ್ಟ್ರವಾದ ಮಾಲ್ಡೀವ್ಸ್‌ನ 2022ರ ಜನಗಣತಿಯಲ್ಲಿ, ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರನ್ನೂ ಎಣಿಸಿದರೂ, ಸಿಕ್ಕಿದ್ದು ಸುಮಾರು 5.15 ಲಕ್ಷ ಜನ. ಅಂದರೆ ಒಬ್ಬ ಶಾಸಕನನ್ನು ಆರಿಸುವ ಕ್ಷೇತ್ರ ಒಬ್ಬ ರಾಷ್ಟ್ರಾಧ್ಯಕ್ಷನನ್ನು ಆರಿಸುವ ದೇಶಕ್ಕಿಂತ 2 ಲಕ್ಷ ತಲೆ ಮುಂದಿದೆ! ಇನ್ನು ಶಾಂತಸಾಗರದ ತುವಾಲು ರಾಷ್ಟ್ರದಲ್ಲಿ ಇರುವವರು ಸುಮಾರು 11 ಸಾವಿರ. ಅಂಥ 66 ತುವಾಲುಗಳನ್ನು ತಂದು ಸುರಿದರೆ ಒಂದು ಶೇರಿಲಿಂಗಂಪಲ್ಲಿಯ ಮತದಾರರ ಪಟ್ಟಿ ತುಂಬುತ್ತದೆ.

ನೆಲದ ಅಳತೆಯಲ್ಲೂ ನೋಡಿಬಿಡಿ. ನೌರು ಎಂಬ ದ್ವೀಪರಾಷ್ಟ್ರದ ಒಟ್ಟು ವಿಸ್ತೀರ್ಣ 21 ಚದರ ಕಿಲೋಮೀಟರ್. ಲಿಂಗಂಪಲ್ಲಿಯ ಒಂದು ಬದಿಗೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆಂದು ಮೊದಲು ಕೊಟ್ಟ ಸುಮಾರು 2,300 ಎಕರೆ. ಇನ್ನೊಂದು ಬದಿಗೆ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಸುಮಾರು 1,400 ಹೆಕ್ಟೇರ್. ಎರಡು ಕ್ಯಾಂಪಸ್ಸು ಕೂಡಿದರೆ 23 ಚದರ ಕಿಲೋಮೀಟರ್. ನೌರು ಇವುಗಳೊಳಗೆ ಆರಾಮವಾಗಿ ಹಿಡಿಸಿ, ಅಂಚಿನಲ್ಲಿ ಒಂದಿಷ್ಟು ಜೋಳವನ್ನೂ ಬೆಳೆದುಕೊಳ್ಳಬಹುದು.

ಹಾಗಾದರೆ ಲಿಂಗಂಪಲ್ಲಿಯನ್ನೂ ಒಂದು ದ್ವೀಪವೆಂದೇ ಇಟ್ಟುಕೊಳ್ಳೋಣ. ಮತದಾರರ ಪಟ್ಟಿಯನ್ನೇ ಜನಸಂಖ್ಯೆ ಎನ್ನೋಣ. ಮಕ್ಕಳನ್ನು ಬಿಟ್ಟಿದ್ದೇನೆ, ಐಸ್‌ಕ್ರೀಮಿನ ಬಾಬತ್ತು ಆಮೇಲೆ ನೋಡಿಕೊಂಡರಾಯಿತು. 7.3 ಲಕ್ಷ ಜನ, ತಲಾ 8,978 ರೂಪಾಯಿ: ತಿಂಗಳಿಗೆ 655 ಕೋಟಿ. ವರ್ಷಕ್ಕೆ 7,865 ಕೋಟಿ. ದಿನಕ್ಕೆ ಇಪ್ಪತ್ತೊಂದೂವರೆ ಕೋಟಿ. ಇದು ಕಾರ್ಖಾನೆ ಕಟ್ಟುವ ಖರ್ಚಲ್ಲ, ಮೇಲ್ಸೇತುವೆಯ ಗುತ್ತಿಗೆಯಲ್ಲ. ಸೋಪು, ಸಾಂಬಾರು, ಸೀರೆ, ಸಿನಿಮಾ ಟಿಕೆಟ್ಟು, ಅಷ್ಟೇ.

ಈಗ ಇದನ್ನು ನಿಜವಾದ ದ್ವೀಪಗಳ ಪಕ್ಕದಲ್ಲಿ ಇಡಿ. ಡಾಲರಿಗೆ 83 ರೂಪಾಯಿಯಂತೆ ಹಿಡಿದರೆ ತುವಾಲುವಿನ ಇಡೀ ವರ್ಷದ ಜಿಡಿಪಿ, ಸುಮಾರು 6 ಕೋಟಿ ಡಾಲರ್, ನಮ್ಮ ಲಿಂಗಂಪಲ್ಲಿಗೆ 23 ದಿನದ ಮನೆ ಖರ್ಚು. ಸಂಬಳವಾಗಿ ತಿಂಗಳು ಮುಗಿಯುವ ಮುನ್ನವೇ ಒಂದು ರಾಷ್ಟ್ರ ಕೈ ಬಿಟ್ಟಿತು! ನೌರುವಿನ ಸುಮಾರು 15 ಕೋಟಿ ಡಾಲರ್ ಎರಡು ತಿಂಗಳಿಗೂ ಸಾಲದು. ಕಿರಿಬಾಟಿ, ಸುಮಾರು 28 ಕೋಟಿ, ಮೂರೂವರೆ ತಿಂಗಳು. ಪಲಾವು, ಅದೂ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಮೂರೂವರೆ ತಿಂಗಳು. ನಾಲ್ಕು ಸಾರ್ವಭೌಮ ರಾಷ್ಟ್ರಗಳು ಒಂದು ವರ್ಷವೆಲ್ಲ ದುಡಿದು ಸೃಷ್ಟಿಸಿದ ಮೌಲ್ಯವನ್ನೆಲ್ಲ ಖರ್ಚು ಮಾಡಿ ಮುಗಿಸಿದ ಮೇಲೂ ಲಿಂಗಂಪಲ್ಲಿಯ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಬಾಕಿ. ನಾಲ್ಕಕ್ಕೂ ಧ್ವಜ, ರಾಷ್ಟ್ರಗೀತೆ, ವಿಶ್ವಸಂಸ್ಥೆಯಲ್ಲಿ ಒಂದೊಂದು ಕುರ್ಚಿ ಇದೆ. ಲಿಂಗಂಪಲ್ಲಿಗೆ ಇರುವುದು ಒಂದು ಎಂಎಲ್ಎ ಸೀಟು.

ದ್ವೀಪಗಳೂ ಕಡಿಮೆಯೇನಲ್ಲ ಬಿಡಿ. ಕಿರಿಬಾಟಿಯಲ್ಲಿ ಮನೆಮಂದಿಯ ಖರ್ಚು, ಸರ್ಕಾರದ ಖರ್ಚು ಎರಡನ್ನೂ ಕೂಡಿದರೆ ದೇಶದ ಜಿಡಿಪಿಯನ್ನೇ ಮೀರುತ್ತದೆ. ಅಲ್ಲಿ ಹುಟ್ಟುವುದಕ್ಕಿಂತ ಖರ್ಚಾಗುವುದು ಹೆಚ್ಚು! ಮೀನು ಹಿಡಿಯಲು ಬರುವ ಹೊರದೇಶದ ಹಡಗುಗಳ ಲೈಸೆನ್ಸ್ ಶುಲ್ಕ, ದೂರದೂರುಗಳಲ್ಲಿ ದುಡಿಯುವ ಮಕ್ಕಳು ಕಳಿಸುವ ಹಣ, ನೆರವು, ಹೀಗೆ ಎಲ್ಲಿಂದಲೋ ಬಂದು ತೂಗಿಸಿಕೊಂಡು ಹೋಗುತ್ತದೆ. ಇಂಥ ಸಂಸಾರಗಳು ನಮ್ಮ ಓಣಿಯಲ್ಲೂ ಇವೆ.

ನೋಟಿನ ಸಾಲಿಗೆ ಮರಳಿದರೆ, ಲಿಂಗಂಪಲ್ಲಿಯ ಒಂದು ವರ್ಷದ ಖರ್ಚಿನ 500ರ ನೋಟುಗಳು 23,600 ಕಿಲೋಮೀಟರ್ ಚಾಚುತ್ತವೆ. ಭೂಮಿಯ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು. ವೇಗ ಗಂಟೆಗೆ 2.7 ಕಿಲೋಮೀಟರ್. ಬಸವನ ಹುಳು ಎದ್ದು ನಿಂತು ನಡೆಯತೊಡಗಿತು. ಊಟ ಮುಗಿಸಿ ಅಡ್ಡಾಡುವವರ ನಡಿಗೆ, ಆದರೆ ಹಗಲೂ ರಾತ್ರಿ ನಿಲ್ಲದ ನಡಿಗೆ.

ಇಷ್ಟೆಲ್ಲ ಹಣ ಹೋಗುವುದು ಯಾವುದಕ್ಕೆ? ಹೊಟ್ಟೆಗೆ ಅನ್ನುತ್ತೀರಿ. 2022-23ರ ಸಮೀಕ್ಷೆಯಲ್ಲಿ ದೇಶದ ಪಟ್ಟಣವಾಸಿಯೊಬ್ಬ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಧಾನ್ಯಕ್ಕೂ ಸೇರಿ ತಿಂಗಳಿಗೆ ಕೊಟ್ಟದ್ದು 235 ರೂಪಾಯಿ. ಓಡಾಟಕ್ಕೆ 555. ಎಂಎಂಟಿಎಸ್‌ನ 5 ರೂಪಾಯಿಯ ಕನಿಷ್ಠ ಟಿಕೆಟ್ಟಿನ ಲೆಕ್ಕದಲ್ಲಿ ಅದು 111 ಪ್ರಯಾಣ. ಆದರೆ ಪಟ್ಟಣವಾಸಿ ಆಟೊ ಹಿಡಿಯುತ್ತಾನೆ, ಪೆಟ್ರೋಲ್ ಹಾಕಿಸುತ್ತಾನೆ. ಇನ್ನು ಚಹಾ, ಕಾಫಿ, ಬಿಸ್ಕತ್ತು, ಚಿಪ್ಸು, ಹೋಟೆಲ್ ಊಟ, ಪೊಟ್ಟಣದ ತಿಂಡಿಗೆ 687! ಅನ್ನ ಕೊಡುವ ಕಾಳಿಗಿಂತ ಬಾಯಿ ಚಪಲಕ್ಕೆ ಸುಮಾರು ಮೂರು ಪಟ್ಟು. ದೇಶದ ಪಟ್ಟಣಗಳಲ್ಲಿ ಸುಮಾರು 50 ಕೋಟಿ ಜನರಿದ್ದಾರೆ ಎಂದು ಹಿಡಿದು ಈ 687ನ್ನು ಹನ್ನೆರಡು ತಿಂಗಳಿಗೆ ಗುಣಿಸಿ ನೋಡಿ: 4.12 ಲಕ್ಷ ಕೋಟಿ ರೂಪಾಯಿ. ಕರ್ನಾಟಕ ಸರ್ಕಾರದ 2025-26ರ ಇಡೀ ಬಜೆಟ್ 4.09 ಲಕ್ಷ ಕೋಟಿ. ಏಳು ಕೋಟಿಯ ಹತ್ತಿರದ ಜನರ ಒಂದು ರಾಜ್ಯದ ರಸ್ತೆ, ಶಾಲೆ, ಪೊಲೀಸು, ಪಿಂಚಣಿ, ನೀರಾವರಿ, ಐದು ಗ್ಯಾರಂಟಿ ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಪಟ್ಟಣಗಳ ಚಹಾ-ತಿಂಡಿಯ ಬಿಲ್ಲಿಟ್ಟರೆ ತಕ್ಕಡಿ ತಿಂಡಿಯ ಕಡೆಗೆ ವಾಲುತ್ತದೆ.

ಕಾಲದಲ್ಲಿ ಹಿಂದೆ ಹೋದರೆ ತಲೆ ಇನ್ನೊಂದು ಬಗೆಯಲ್ಲಿ ತಿರುಗುತ್ತದೆ. 1972-73ರಲ್ಲಿ ಪಟ್ಟಣದ ಒಬ್ಬರ ತಿಂಗಳ ಸರಾಸರಿ ಖರ್ಚು 63 ರೂಪಾಯಿ 33 ಪೈಸೆ. ಹಳ್ಳಿಯಲ್ಲಿ 44 ರೂಪಾಯಿ 17 ಪೈಸೆ. ಇಡೀ ತಿಂಗಳಿಗೆ! ಊಟ, ಬಟ್ಟೆ, ಬಾಡಿಗೆ ಎಲ್ಲ ಸೇರಿ. ಇವತ್ತು ಅಷ್ಟು ಹಿಡಿದು ಹೋಟೆಲಿಗೆ ಹೋದರೆ ಒಂದು ದೋಸೆ ಬಂದರೆ ಪುಣ್ಯ. 2023-24ರ ಪಟ್ಟಣದ ಸರಾಸರಿ 6,996 ರೂಪಾಯಿ. 51 ವರ್ಷದಲ್ಲಿ 110 ಪಟ್ಟು. ಬೆಲೆಯೇರಿಕೆಯ ಪಾಲು ಇದರಲ್ಲಿ ದೊಡ್ಡದು, ಒಪ್ಪೋಣ. ಆದರೂ ಇದೇ ಓಟ ಇನ್ನೊಂದು 51 ವರ್ಷ ನಡೆದರೆ 2075ರ ಹೊತ್ತಿಗೆ ಒಬ್ಬೊಬ್ಬರ ತಿಂಗಳ ಖರ್ಚು 7.7 ಲಕ್ಷ ರೂಪಾಯಿ. ನಾಲ್ಕು ಜನರ ಮನೆಗೆ 31 ಲಕ್ಷ. ಆಗಲೂ ತಿಂಗಳ ಕೊನೆಯ ವಾರದಲ್ಲಿ ಕೈ ಬಿಗಿ ಎನ್ನುವವರು ಇದ್ದೇ ಇರುತ್ತಾರೆ.

ಈ ಲೆಕ್ಕಗಳನ್ನು ಬರೆದುಕೊಂಡವರ ಸಹನೆಯನ್ನೂ ಒಂದು ಅಂಕಿಯಲ್ಲಿ ಹೇಳಬೇಕು. 2023-24ರ ಸಮೀಕ್ಷೆಯಲ್ಲಿ ಸುತ್ತಿದ ಮನೆಗಳು 2,61,953. ಒಂದೊಂದು ಮನೆಗೂ ಮೂರು ಸಲ ಭೇಟಿ. ಕೇಳಬೇಕಾದ ವಸ್ತುಗಳ ಪಟ್ಟಿಯಲ್ಲಿ 400ಕ್ಕೂ ಹೆಚ್ಚು ಬಾಬತ್ತು. ಎಷ್ಟು ಉಪ್ಪು? ಎಷ್ಟು ಎಣ್ಣೆ? ಎಲೆ ಅಡಿಕೆಗೆ ಎಷ್ಟು? ಹತ್ತು ಕೋಟಿಗೂ ಮೀರಿದ ಪ್ರಶ್ನೆಗಳು! ಸೆಕೆಂಡಿಗೊಂದು ಉತ್ತರದಂತೆ ಊಟ ನಿದ್ದೆ ಬಿಟ್ಟು ಬರೆದುಕೊಂಡರೂ ಒಬ್ಬನಿಗೆ ಮೂರು ವರ್ಷಕ್ಕೂ ಹೆಚ್ಚು ಬೇಕು.

ಇದಕ್ಕೂ ಹಠಮಾರಿಗಳು ಲಿಂಗಂಪಲ್ಲಿಯ ಮಗ್ಗುಲಲ್ಲೇ ಇದ್ದರು. ಅದೇ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನವರು 1975ರಲ್ಲಿ ಆರು ಹಳ್ಳಿ ಆರಿಸಿಕೊಂಡು, ಹಳ್ಳಿಗೆ 40 ಮನೆಯಂತೆ 240 ಮನೆಗಳ ಖರ್ಚು-ವೆಚ್ಚ ಬರೆಯತೊಡಗಿದರು. ಹತ್ತು ಮನೆ ಕೂಲಿಕಾರರದು, ಹತ್ತು ಸಣ್ಣ ರೈತರದು, ಹತ್ತು ಮಧ್ಯಮರದು, ಹತ್ತು ದೊಡ್ಡವರದು. ಲೆಕ್ಕ ಬರೆಯುವವನ ವಾಸವೇ ಆ ಹಳ್ಳಿಯಲ್ಲಿ. ಮೂರ್ನಾಲ್ಕು ವಾರಕ್ಕೊಮ್ಮೆ ಅದೇ ಕಟ್ಟೆಯ ಮೇಲೆ ಕೂತು ಅದೇ ಪ್ರಶ್ನೆ: ಹೋದ ಸಲ ಬಂದ ಮೇಲೆ ಜೋಳ ಎಷ್ಟು ಮುಗಿಯಿತು, ಸೀಮೆಎಣ್ಣೆ ಎಷ್ಟು ತಂದಿರಿ, ಕೂಲಿಯನ್ನು ಕಾಳಿನಲ್ಲಿ ಕೊಟ್ಟರೋ ದುಡ್ಡಿನಲ್ಲೋ? ಆಗಿನ ಮಹಬೂಬ್‌ನಗರ ಜಿಲ್ಲೆಯ ಅವರೇಪಲ್ಲಿ, ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಅಕೋಲಾ ಜಿಲ್ಲೆಯ ಕಾಂಝರಾ, ಈ ಮೂರು ಊರುಗಳಲ್ಲಿ ಇದು ಹತ್ತು ವರ್ಷ ನಡೆಯಿತು. ಹತ್ತು ವರ್ಷ, 120 ಮನೆ, 15 ಸಾವಿರದಷ್ಟು ಸಲ ಕದ ತಟ್ಟಿದ ಹಾಗಾಯಿತು. 2009ರಲ್ಲಿ ಹೊಸ ಸುತ್ತು ಶುರುವಾದಾಗ ನಮ್ಮ ವಿಜಯಪುರ ಜಿಲ್ಲೆಯ ಕಪನಿಂಬರಗಿ, ಮಾರ್ಕಬ್ಬಿನಹಳ್ಳಿ, ತುಮಕೂರು ಜಿಲ್ಲೆಯ ಬೆಳ್ಳದಮಡುಗು, ತರಟಿಯೂ ಸೇರಿಕೊಂಡವು. ಕಪನಿಂಬರಗಿಯ ಒಂದು ಮನೆಯಲ್ಲಿ ಯಾವ ತಿಂಗಳು ಎಷ್ಟು ಸಕ್ಕರೆ ಖರ್ಚಾಯಿತೆಂಬುದನ್ನು ಇವತ್ತು ಜಗತ್ತಿನ ಅರ್ಥಶಾಸ್ತ್ರಜ್ಞರು ತಮ್ಮ ಕಂಪ್ಯೂಟರಿನಲ್ಲಿ ತಿರುವಿ ನೋಡುತ್ತಾರೆ.

ಹಳ್ಳಿ ಬಿಟ್ಟು ರಾಜ್ಯಕ್ಕೆ ನಡೆಯೋಣ. 2023-24ರಲ್ಲಿ ಕರ್ನಾಟಕದ ತಲಾ ತಿಂಗಳ ಖರ್ಚು ಪಟ್ಟಣದಲ್ಲಿ 8,076, ಹಳ್ಳಿಯಲ್ಲಿ 4,903. ತೆಲಂಗಾಣ ಎರಡರಲ್ಲೂ ನಮಗಿಂತ ಮುಂದಿದೆ. ಅಲ್ಲಿ ಹಳ್ಳಿಯದೇ 5,435. ಸಿಕ್ಕಿಂ ಪಟ್ಟಣದ 13,927ರ ಮುಂದೆ ನಾವಿಬ್ಬರೂ ಸಾಧುಗಳು. ಕರ್ನಾಟಕದ ಎಲ್ಲ ಮನೆಗಳ ಖರ್ಚನ್ನು ಅಂದಾಜಿನಲ್ಲಿ ಕೂಡಿಸಿದರೆ ವರ್ಷಕ್ಕೆ 5 ಲಕ್ಷ ಕೋಟಿಯ ಸುಮಾರು. ನೋಟಿನ ಸಾಲು 15 ಲಕ್ಷ ಕಿಲೋಮೀಟರ್. ಚಂದ್ರನಿಗೆ ಹೋಗಿ ಬಂದು, ಮತ್ತೆ ಹೊರಟು ಎರಡನೆಯ ಸಲ ವಾಪಸ್ಸು ಬರುವ ದಾರಿ. ವೇಗ ಗಂಟೆಗೆ 170 ಕಿಲೋಮೀಟರಿಗೂ ಮೇಲೆ. ವಂದೇ ಭಾರತ್ ರೈಲಿನ ಪಕ್ಕದಲ್ಲಿ ಈ ಸಾಲು ಓಡಿದರೆ ರೈಲೇ ಹಿಂದೆ ಬೀಳುತ್ತದೆ.

ದೇಶದ ಲೆಕ್ಕ ಬಂದಾಗ ಕುರ್ಚಿ ಗಟ್ಟಿ ಹಿಡಿದುಕೊಳ್ಳಿ. 2023-24ರ ರಾಷ್ಟ್ರೀಯ ಆದಾಯದ ಪುಸ್ತಕದಲ್ಲಿ ಖಾಸಗಿ ಅನುಭೋಗ ವೆಚ್ಚ ಎಂಬ ಸಾಲಿನ ಮುಂದೆ ಇದ್ದದ್ದು ಸುಮಾರು 180 ಲಕ್ಷ ಕೋಟಿ ರೂಪಾಯಿ, ಜಿಡಿಪಿಯ ನೂರರಲ್ಲಿ ಅರವತ್ತು ಪಾಲು. ದಿನಕ್ಕೆ 49 ಸಾವಿರ ಕೋಟಿ. ನಿಮಿಷಕ್ಕೆ 34 ಕೋಟಿ. ಸೆಕೆಂಡಿಗೆ 57 ಲಕ್ಷ. ನೀವು ಒಂದು ಸಲ ಸೀನುವಷ್ಟರಲ್ಲಿ ಅರ್ಧ ಕೋಟಿ ಮಾಯ! ಚಂದ್ರಯಾನ-3ಕ್ಕೆ ತಗುಲಿದ್ದು ಸುಮಾರು 615 ಕೋಟಿ. ಭಾರತದ ಮನೆಗಳಿಗೆ ಅದು 18 ನಿಮಿಷದ ಖರ್ಚು. ಅನ್ನಕ್ಕೆ ನೀರಿಟ್ಟು ಇಳಿಸುವುದರೊಳಗೆ ನಮ್ಮ ಅಡುಗೆಮನೆಗಳು ಒಂದು ಲ್ಯಾಂಡರನ್ನು ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಸುವಷ್ಟು ಹಣ ಖರ್ಚು ಮಾಡಿ ಕೂತಿರುತ್ತವೆ. ಕರ್ನಾಟಕದ 2024-25ರ ಇಡೀ ಬಜೆಟ್ಟು, 3,71,383 ಕೋಟಿ, ಒಂದು ವಾರ ತಡೆಯುತ್ತದೆ. ಎಂಟನೆಯ ದಿನದ ಮಧ್ಯಾಹ್ನಕ್ಕೆ ಖಾಲಿ.

ಇಲ್ಲೊಂದು ತಮಾಷೆಯಿದೆ. ಮನೆಮನೆ ಸುತ್ತಿದವರ ಸರಾಸರಿಯನ್ನು ದೇಶದ ಜನಸಂಖ್ಯೆಗೆ ಗುಣಿಸಿದರೆ 90 ಲಕ್ಷ ಕೋಟಿಯೂ ಮುಟ್ಟುವುದಿಲ್ಲ. ರಾಷ್ಟ್ರೀಯ ಆದಾಯದ ಪುಸ್ತಕ ಹೇಳುವುದು 180. ಎರಡೂ ಸರ್ಕಾರದ್ದೇ, ಎರಡೂ ಒಂದೇ ಸಚಿವಾಲಯದ್ದೇ. ಸ್ವಂತ ಮನೆಗೆ ಊಹೆಯ ಬಾಡಿಗೆ ಸೇರಿಸುವುದು, ಶ್ರೀಮಂತರು ಸಮೀಕ್ಷೆಯವರಿಗೆ ಕದ ತೆರೆಯದಿರುವುದು, ಇನ್ನೂ ಹತ್ತು ಕಾರಣ ಪಂಡಿತರು ಕೊಡುತ್ತಾರೆ. ನನಗೆ ಕಾರಣಕ್ಕಿಂತ ಆ ಕಂದಕದ ಅಗಲ ನೋಡಿಯೇ ತಲೆ ಸುತ್ತಿದ್ದು: 90 ಲಕ್ಷ ಕೋಟಿ, ಕರ್ನಾಟಕದಂಥ 24 ಬಜೆಟ್ಟು. ಲಿಂಗಂಪಲ್ಲಿಗೆ ನಾನು ಹಾಕಿದ ಲೆಕ್ಕ ಜಿಪುಣ ಪುಸ್ತಕದ್ದು ಎಂಬುದು ನೆನಪಿರಲಿ.

180 ಲಕ್ಷ ಕೋಟಿಯನ್ನು 500ರ ನೋಟಾಗಿಸಿ, ನೋಟೊಂದಕ್ಕೆ ಒಂದು ಗ್ರಾಂ ಎಂದು ಹಿಡಿದರೆ ತೂಕ 3.6 ಲಕ್ಷ ಟನ್. ನಾಲ್ಕು ಟನ್ನಿನ ಆನೆಗಳು 90 ಸಾವಿರ. 2025ರಲ್ಲಿ ಬಂದ ಡಿಎನ್ಎ ಆಧಾರಿತ ಗಣತಿಯಲ್ಲಿ ದೇಶದ ಕಾಡುಗಳಲ್ಲಿ ಸಿಕ್ಕ ಆನೆಗಳೇ 22,446. ನಾಗರಹೊಳೆ, ಬಂಡೀಪುರದ್ದೆಲ್ಲ ಸೇರಿ. ನಾಲ್ಕು ಭಾರತಗಳ ಆನೆ ಬೇಕು. ಸಾಲಾಗಿಟ್ಟರೆ 5.4 ಕೋಟಿ ಕಿಲೋಮೀಟರ್: ಭೂಮಿಯನ್ನು 1,347 ಸುತ್ತು. ಸಾಲಿನ ಈ ತುದಿಯಲ್ಲಿ ಟಾರ್ಚ್ ಹಾಕಿದರೆ ಆ ತುದಿಗೆ ಬೆಳಕು ಮುಟ್ಟಲು ಸರಿಯಾಗಿ ಮೂರು ನಿಮಿಷ. ವೇಗ ಸೆಕೆಂಡಿಗೆ 1.7 ಕಿಲೋಮೀಟರ್. ರೈಫಲ್ಲಿನ ಗುಂಡು ಹಿಂದೆ ಬಿತ್ತು.

ನೋಟಂತೂ ಈಗ ಯಾರ ಕೈಯಲ್ಲಿದೆ ಎನ್ನುವಿರಿ. ಕಿರಾಣಿಯ ಗಲ್ಲಾದ ಮೇಲೆ ಕ್ಯೂಆರ್ ಫಲಕ, ಪಕ್ಕದಲ್ಲಿ ದುಡ್ಡು ಬಂತೆಂದು ಕೂಗುವ ಡಬ್ಬಿ. ಯುಪಿಐ ಆ್ಯಪ್‌ಗಳು ಜನರ ಕೈಗೆ ಬಂದ 2016ರ ಆಗಸ್ಟ್ ತಿಂಗಳಲ್ಲಿ ಇಡೀ ದೇಶದ ವಹಿವಾಟುಗಳ ಸಂಖ್ಯೆ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. 2025ರ ಆಗಸ್ಟ್‌ನಲ್ಲಿ 2,000 ಕೋಟಿ ದಾಟಿತು. ಒಂಬತ್ತೇ ವರ್ಷದಲ್ಲಿ ಎರಡು ಲಕ್ಷ ಪಟ್ಟು! ಸೆಕೆಂಡಿಗೆ ಏಳು ಸಾವಿರಕ್ಕೂ ಹೆಚ್ಚು ಸಲ ಎಲ್ಲೋ ಒಂದು ಫೋನು ಟಿಣ್ ಎನ್ನುತ್ತದೆ. 2016ರ ಆ ಇಡೀ ತಿಂಗಳ ಕೆಲಸ ಈಗ ಹದಿನಾಲ್ಕು ಸೆಕೆಂಡಿಗೂ ಕಡಿಮೆಯದು.

ಅಮೆರಿಕದ ಹೆಸರೆತ್ತಿದರೆ ನಮ್ಮದೆಲ್ಲ ಬಡವರ ಸಂತೆ. 2023ರಲ್ಲಿ ಅಲ್ಲಿನ ಮನೆಗಳ ಖರ್ಚು 18 ಲಕ್ಷ ಕೋಟಿ ಡಾಲರಿಗೂ ಮೇಲೆ. ನಮ್ಮ ಜನಸಂಖ್ಯೆಯ ಕಾಲು ಭಾಗಕ್ಕೂ ಕಡಿಮೆ ಜನ, ನಮ್ಮ ಎಂಟು ಪಟ್ಟಿಗೂ ಹೆಚ್ಚು ಖರ್ಚು. ಅವರಿಗೆ ನಮ್ಮ ಚಂದ್ರಯಾನ-3 ಎರಡು ನಿಮಿಷದ ಬಾಬತ್ತು. ಅವರ ನೋಟಿನ ಸಾಲು ಸೆಕೆಂಡಿಗೆ 14 ಕಿಲೋಮೀಟರ್ ಮೀರಿ ಓಡುತ್ತದೆ. ಭೂಮಿಯ ಸೆಳೆತ ತಪ್ಪಿಸಿಕೊಂಡು ಹಾರಲು ರಾಕೆಟ್ಟಿಗೆ ಬೇಕಾದದ್ದು 11.2.

ಉಳಿದದ್ದು ಭೂಮಂಡಲ. ಜಗತ್ತಿನ ಜಿಡಿಪಿ 2023ರಲ್ಲಿ 100 ಲಕ್ಷ ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳ ಖರ್ಚು. ಜಿಪುಣತನದಿಂದಲೇ 50 ಲಕ್ಷ ಕೋಟಿ ಎಂದು ಹಿಡಿಯುತ್ತೇನೆ. ಸೆಕೆಂಡಿಗೆ 13 ಕೋಟಿ ರೂಪಾಯಿ. ಚಂದ್ರಯಾನಕ್ಕೆ ಮುಕ್ಕಾಲು ನಿಮಿಷ ಸಾಕು. ಶೇರಿಲಿಂಗಂಪಲ್ಲಿಯ 7.3 ಲಕ್ಷ ಜನ ವರ್ಷವಿಡೀ ತಿಂದು, ಉಟ್ಟು, ಓಡಾಡಿ ಮುಗಿಸಿದ 7,865 ಕೋಟಿ ಜಗತ್ತಿಗೆ ಹತ್ತು ನಿಮಿಷ. ನೋಟಿನ ಸಾಲು ಈಗ ಸೆಕೆಂಡಿಗೆ 39 ಕಿಲೋಮೀಟರ್ ಬಿಚ್ಚಿಕೊಳ್ಳುತ್ತಿದೆ. ಗ್ರಹಗಳನ್ನೆಲ್ಲ ದಾಟಿ ಹೋದ ವಾಯೇಜರ್-1ರ ವೇಗ 17. ಸೂರ್ಯನ ಸುತ್ತ ಭೂಮಿ ತಿರುಗುವ ವೇಗವೇ 30! ನಮ್ಮ ಕಿಸೆ ನಮ್ಮ ಗ್ರಹವನ್ನೇ ಹಿಂದೆ ಹಾಕಿದೆ. ವರ್ಷದ ಕೊನೆಗೆ ಸಾಲಿನ ಉದ್ದ 124 ಕೋಟಿ ಕಿಲೋಮೀಟರ್. ಬೆಳಕಿಗೇ ಒಂದು ಗಂಟೆ ಒಂಬತ್ತು ನಿಮಿಷದ ದಾರಿ. ಸೂರ್ಯನಿಂದ ಹೊರಟರೆ ಗುರು ಗ್ರಹದ ಕಕ್ಷೆ 78 ಕೋಟಿಗೇ ಸಿಕ್ಕಿಬಿಡುತ್ತದೆ. ಶನಿ ಇರುವುದು 143 ಕೋಟಿ ಕಿಲೋಮೀಟರ್ ದೂರದಲ್ಲಿ, ಅಲ್ಲಿಗಷ್ಟೇ ತುಸು ಕಡಿಮೆ ಬೀಳುತ್ತದೆ. ಇನ್ನೆರಡು ತಿಂಗಳ ಸಾಮಾನು ತಂದರೆ ಅದೂ ಮುಗಿಯುತ್ತದೆ.